ಹುಲ್ಲುಗರುವಿನ ಉಸಿರು

ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ, ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವುದು ನಮ್ಮೂರು ಬಿಳಿಚೋಡಿನಲ್ಲಿ ಹಳೆಯ ರೂಢಿ. ಎರಡನೇ ಮಹಾಯುದ್ಧ ಶುರುವಾದ ವರ್ಷ ಗೌಡ ಮಲ್ಲೇಶಪ್ಪನ ಕೆಂಪು ಹಸು ಮಾತ್ರ ಮೋಸ ಹೋಗಲಿಲ್ಲ. ಮೂರೇ ದಿನಕ್ಕೆ ಹುಲ್ಲುಗರುವನ್ನು ಮೂಸಿ, ಒದ್ದು, ಹಾಲಿಳಿಸುವುದನ್ನೇ ನಿಲ್ಲಿಸಿತು.

ಮಲ್ಲೇಶಪ್ಪ ನಮ್ಮಣ್ಣ ಲಾಲ್‌ಸಾಬನ ಹತ್ತಿರ ಬಂದ. ಅಣ್ಣ ಪಾತ್ರೆಗಳಿಗೆ ಕಲಾಯಿ ಹಾಕುವವನು. ತಿದಿಯೊತ್ತಿ ಕೆಂಡ ಊದುವುದು ನನ್ನ ಕೆಲಸ. ಅಣ್ಣ ಹುಲ್ಲುಗರುವಿನ ಹೊಟ್ಟೆ ಬಿಚ್ಚಿ ಸಣ್ಣದೊಂದು ತಿದಿ ಇಟ್ಟ. ಕೆಟ್ಟ ಗ್ರಾಮೋಫೋನಿನ ಸ್ಪ್ರಿಂಗು ಜೋಡಿಸಿದ, ಬಿಸಿನೀರಿನ ತಂಬಿಗೆ ಹುದುಗಿಸಿದ. ಕೀಲಿ ಕೊಟ್ಟರೆ ಪಕ್ಕೆ ಉಬ್ಬಿ ಇಳಿಯುತ್ತಿತ್ತು, ಮೂಗಿನಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಹಸು ನಡುಗಿತು. ಆಮೇಲೆ ನೆಕ್ಕತೊಡಗಿತು. ಚೊಂಬಿನ ತುಂಬ ನೊರೆ ಎದ್ದಿತು. ಹೊನ್ನಾಳಿ, ನ್ಯಾಮತಿಯಿಂದಲೂ ಜನ ಕೇಳಿಕೊಂಡು ಬಂದರು. ಆಗ ನನಗೂ ಹೆಮ್ಮೆಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಮರುವರ್ಷ ಹಸು ಮತ್ತೆ ಈದಿತು. ಗಟ್ಟಿಮುಟ್ಟಾದ ಕಪ್ಪು ಹೋರಿಗರು. ತಾಯಿ ನೆಕ್ಕುವ ಮೊದಲೇ ಮಲ್ಲೇಶಪ್ಪ ಅದನ್ನು ಹಿತ್ತಲ ಗೂಟಕ್ಕೆ ಕಟ್ಟಿ, ಹುಲ್ಲುಗರುವಿನ ಬೊಂಬೆಯನ್ನು ಕೊಟ್ಟಿಗೆಗೆ ತಂದಿಟ್ಟ. ಸ್ಪ್ರಿಂಗು ಸಡಿಲವಾಗಿದೆಯೆಂದು ಮೂರನೆಯ ದಿನ ನಮ್ಮನ್ನು ಕರೆಸಿದಾಗ ಕರು ಬರೀ ಗಂಜಿತಿಳಿ ಕುಡಿದು ನೆಟ್ಟಗೆ ನಿಲ್ಲಲಾರದಂತಾಗಿತ್ತು. ಯಾಕೆ ಹೀಗೆ ಎಂದು ಮಲ್ಲೇಶಪ್ಪನನ್ನು ಕೇಳಿದೆ.

"ಅದು ಅರ್ಧ ಹಾಲು ತಾನೇ ಕುಡಿತೈತೆ ಕಣೋ ಸುಬಾನ. ಇದು ಕುಡಿಯಲ್ಲ, ಸಾಯಲ್ಲ."

"ಅಲ್ಲಿ ಕಟ್ಟಿರೋದು ಸಾಯ್ತೈತೆ ಗೌಡ್ರೆ."

ಅವನು ಅಣ್ಣನ ಕಡೆ ತಿರುಗಿ ನಕ್ಕ. "ನಿನ್ ತಮ್ಮ ಶಾಲೆ ಬಿಟ್ಟಿದ್ದು ನನಗೆ ಪಾಠ ಹೇಳಾಕೇನಪ್ಪ, ಲಾಲ್‌ಸಾಬ್?"

ಅಣ್ಣ ತಲೆ ಬಗ್ಗಿಸಿ ಸ್ಪ್ರಿಂಗು ಬಿಗಿ ಮಾಡುತ್ತಿದ್ದ. ನನ್ನ ಮೈ ಉರಿದುಹೋಯಿತು.

ಕರುವನ್ನು ಎತ್ತಿಕೊಂಡು ಬಂದು ತಾಯಿಯ ಮುಂದೆ ಬಿಟ್ಟೆ. ಹೆತ್ತ ತಾಯಿಗೆ ಗುರುತು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಹಸು ಒಮ್ಮೆ ಮೂಸಿತು. ಬೊಂಬೆಗೆ ಅಡ್ಡವಾಗಿ ನಿಂತಿತು. ಕರು ತಡವರಿಸುತ್ತ ಕೆಚ್ಚಲಿಗೆ ಬಾಯಿ ಹಾಕಿದ್ದೇ, ಕೊಂಬಿನಿಂದ ಎತ್ತಿ ಗೋಡೆಗೆ ಒಗೆಯಿತು.

ಅಣ್ಣನ ಕತ್ತರಿ ಕಿತ್ತುಕೊಂಡು ಬೊಂಬೆಯ ಹೊಟ್ಟೆ ಸೀಳಿದೆ. ಹುಲ್ಲು, ತಿದಿ, ತಂಬಿಗೆ ಎಲ್ಲ ಹೊರಬಿದ್ದವು. ಹಸು ನನ್ನತ್ತ ನೋಡಲೂ ಇಲ್ಲ; ಜೋತುಬಿದ್ದ ತೊಗಲನ್ನು ನೆಕ್ಕುತ್ತಲೇ ಇತ್ತು.

ಮಲ್ಲೇಶಪ್ಪ ಹೊಡೆಯುತ್ತಾನೆಂದು ನಿಂತಿದ್ದೆ. ಅವನು ಅಣ್ಣನನ್ನು ಮೆಲ್ಲಗೆ ಕೇಳಿದ: "ಹೊಸದು ಎಷ್ಟು ದಿನಕ್ಕಾಗ್ತೈತೆ?"

"ತೊಗಲು ಬೇಕು," ಅಂದ ಅಣ್ಣ.

ಅಂದವನೇ ಗೋಡೆಯ ಬುಡದಲ್ಲಿ ಇನ್ನೂ ಉಸಿರಾಡುತ್ತಿದ್ದ ಕಪ್ಪು ಕರುವಿನ ಬಳಿ ಕೂತು, ಅದರ ಬೆನ್ನನ್ನು ಗೇಣಿನಿಂದ ಅಳೆಯತೊಡಗಿದ.