ಈಜಿ ಬಂದ ಗಿಟಾರು

ಮರಕ್ಕೆ ಆತ್ಮವಿದೆ ಎಂದು ಅನಿಕೇತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಾನು ಸಿದ್ರಾಮಪ್ಪ, ಧಾರವಾಡದಿಂದ ಬಂದು ಗೋವಾದ ಕಲಂಗುಟ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ಲೈವುಡ್ ಅಂಗಡಿ ನಡೆಸುವವನು. ಮರದಲ್ಲಿ ಗೆದ್ದಲು ಕಂಡಿದ್ದೇನೆ, ಬೂಷ್ಟು ಕಂಡಿದ್ದೇನೆ, ಆತ್ಮ ಮಾತ್ರ ಇನ್ನೂ ಕಂಡಿಲ್ಲ. ಆದರೂ ಸುಮ್ಮನಿರುತ್ತಿದ್ದೆ. ಬೆಳಗಾವಿಯ ಬಟ್ಟೆ ವ್ಯಾಪಾರಿಗಳ ಮಗ, ನಮ್ಮ ಕಡೆಯವನು. ಕೂದಲು ಬೆಳೆಸಿ ಜುಟ್ಟು ಕಟ್ಟಿಕೊಂಡು ನನ್ನ ಅಂಗಡಿಯ ಎದುರಿಗೇ ಬೀಟೆ ಮರದ ಗಿಟಾರಿನ ಮಳಿಗೆ ತೆರೆದಿದ್ದ. 'ಕೈಯಿಂದಲೇ ಮಾಡಿದ್ದು' ಎಂದು ಬೋರ್ಡು. ಯಾರ ಕೈ ಎಂದು ಬರೆಸಿರಲಿಲ್ಲ.

ನಿಂಗಣ್ಣ ಸಿಂದಗಿ ಕಡೆಯವನು. ಹನ್ನೆರಡು ವರ್ಷದಿಂದ ದೋಣಿ ಮಾಡುವ ಶೆಡ್ಡಿನಲ್ಲಿ ಫೈಬರ್ ಕೆಲಸ, ಉಜ್ಜುವ ಕಾಗದಕ್ಕೆ ನನ್ನ ಅಂಗಡಿಗೆ ಬರುತ್ತಿದ್ದ. ಯಾವನೋ ಪ್ರವಾಸಿ ಬಿಟ್ಟುಹೋದ ಗಿಟಾರೊಂದು ಮಳೆಗಾಲದ ತೇವಕ್ಕೆ ಹೊಟ್ಟೆ ಉಬ್ಬಿ ಬಿಚ್ಚಿಕೊಂಡಾಗ, ಇವನು ಅದರ ಅಚ್ಚು ತೆಗೆದ. ದೋಣಿಗೆ ಮಾಡುವ ಹಾಗೆಯೇ ಅಚ್ಚಿನೊಳಗೆ ಫೈಬರ್ ಮ್ಯಾಟ್ ಹಾಸಿ, ರೆಸಿನ್ ಅಂಟು ಬಳಿದು, ಹೊಸ ಗಿಟಾರು ಎಬ್ಬಿಸಿದ. ಬಣ್ಣ ದೋಣಿಗೆ ಬಳಿದು ಉಳಿದ ನೀಲಿ. ನನ್ನ ಕೌಂಟರಿಗೆ ಒರಗಿ ಒಂದು ಭಜನೆಯ ಧಾಟಿ ನುಡಿಸಿದ. ಆ ಜಡಿಮಳೆಯಲ್ಲಿ ಎದುರಿನ ಮಳಿಗೆಯ ಒಂದು ಗಿಟಾರೂ ಶ್ರುತಿಯಲ್ಲಿರಲಿಲ್ಲ, ಇದು ಇತ್ತು.

ಅನಿಕೇತ ರಸ್ತೆ ದಾಟಿ ಬಂದು ನಕ್ಕ. "ಕಾಕಾ, ಈ ಬಕೀಟಿಗೆ ತಂತಿ ಯಾರು ಕಟ್ಯಾರ್ರಿ?"

ವಾರದೊಳಗೆ ಅದೇ ಅನಿಕೇತ ನಗು ಮನೆಯಲ್ಲಿಟ್ಟು ಬಂದ. ಪ್ರತಿಮಾ ಎಂಬ ಧಾರವಾಡದ ಹೆಣ್ಣುಮಗಳು ಇಲ್ಲಿನ ತನ್ನ ಹೋಟೆಲಿನ ಕೋಣೆಗೊಂದರಂತೆ ನಲವತ್ತು ಬೀಟೆ ಗಿಟಾರು ಕೇಳಿದ್ದಳು. ಇವನ ಆತ್ಮಗಳೆಲ್ಲ ತೇವಕ್ಕೆ ಬೆನ್ನು ಬಗ್ಗಿಸಿ ಕೂತಿದ್ದವು.

"ನಿಂಗಣ್ಣ, ನಿನ್ನ ಅಚ್ಚಿನಾಗ ನಲವತ್ತು ತೆಗಿ. ಮ್ಯಾಲೆ ಮಾತ್ರ ಬೀಟಿ ಕಂಡಂಗ ಕಾಣಬೇಕು."

ಬೀಟೆಯ ಗೆರೆ ಅಚ್ಚಾದ ಕಾಗದ ಕೊಟ್ಟವನು ನಾನೇ. ನಾನು ಮಾರುವ ಬಾಗಿಲು, ಮೇಜು, ದೇವರ ಮಂಟಪ ಎಲ್ಲದಕ್ಕೂ ಮೇಲೆ ಅಂಟಿಸಿದ್ದು ಅಂಥ ಕಾಗದವೇ. ಆಗ ನನಗೆ ನಾಚಿಕೆಯೂ ಆಗಲಿಲ್ಲ.

ನಿಂಗಣ್ಣ ಒಂದೇ ಷರತ್ತು ಹಾಕಿದ. "ಕೂಲಿ ನೀವು ಕೊಟ್ಟಷ್ಟು ಕೊಡ್ರಿ. ಒಳಗ ನನ್ನ ಹೆಸರಿನ ಚೀಟಿ ಅಂಟಿಸ್ಬೇಕ್ರಿ. ನಾ ಮಾಡಿದ ದೋಣಿ ಮ್ಯಾಲೆಲ್ಲಾ ಮಾಲಕರ ಹೇಂತ್ಯಾರ ಹೆಸರು ಅದಾವು. ಒಂದರ ಮ್ಯಾಲರೆ ನನ್ನದು ನೋಡಬೇಕಂತ ಭಾಳ ಆಸೆ ಐತ್ರಿ."

"ಅದಕ್ಕೇನಂತ, ಹಾಕೋಣು," ಅಂದ ಅನಿಕೇತ.

ಮೊದಲ ಗಿಟಾರು ತಯಾರಾಯಿತು. ಒಳಗಿನ ಚೀಟಿಯಲ್ಲಿ ಬಂಗಾರದ ಅಕ್ಷರದಲ್ಲಿ ಅನಿಕೇತನ ಹೆಸರಿತ್ತು. ನಿಂಗಣ್ಣ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿದ. ನಾನು ಕ್ಯಾಲೆಂಡರ್ ನೋಡಿದೆ.

ಹೋಟೆಲಿಗೆ ನಾವು ಮೂವರೂ ಹೋದೆವು. ಈಜುಕೊಳದ ಪಕ್ಕ ನಿಂತು ಅನಿಕೇತ ಈ ಮರ ನೂರು ವರ್ಷದ ಹಳೇ ಬಂಗಲೆಯ ತೊಲೆ, ಅದು ಕೇಳಿದ ಹಾಡು, ಉಂಡ ಗಾಳಿ ಎಂದೆಲ್ಲ ಕೊರೆದ. ಪ್ರತಿಮಾ ಕಣ್ಣರಳಿಸಿ ಕೈ ಚಾಚಿದಳು.

"ತಡೀರಿ ಅಕ್ಕಾರ," ಅಂದ ನಿಂಗಣ್ಣ. "ಇನ್ನೂ ಪರೀಕ್ಷಾ ಮಾಡಿಲ್ಲ."

ಅಂದವನೇ ಗಿಟಾರನ್ನು ಕೊಳಕ್ಕೆ ಬಿಟ್ಟ.

ಸೇಡಿಗೆ ಮಾಡಿದ ಎಂದು ಅನಿಕೇತ ಇವತ್ತಿಗೂ ಹೇಳುತ್ತಾನೆ. ಸೇಡಲ್ಲ. ಅವನ ದೋಣಿ ಶೆಡ್ಡಿನಲ್ಲಿ ನೀರಿಗೆ ಬಿಟ್ಟು ಸೋರುವುದಿಲ್ಲವೆಂದು ನೋಡದೆ ಏನನ್ನೂ ಗಿರಾಕಿಯ ಕೈಗೆ ಕೊಡುವುದಿಲ್ಲ. ಹನ್ನೆರಡು ವರ್ಷದ ಅಭ್ಯಾಸ ಅದು, ಗಿಟಾರು ಎಂದು ಬಿಟ್ಟುಬಿಡುತ್ತದೆಯೇ? ಪ್ರತಿಮಾ ಚೀರಿದಳು. ಗಿಟಾರು ಮಾತ್ರ ಅಂಗಾತ ಮಲಗಿ ಹಾಯಾಗಿ ತೇಲಿತು. ನಿಂಗಣ್ಣ ಮೊಣಕಾಲೂರಿ, ತೂತಿನೊಳಗೆ ಬೆರಳು ಹಾಕಿ ತಡವಿದ.

"ಒಣಾ ಐತ್ರಿ. ಈಗ ಒಯ್ರಿ."

ಅಂಗಿಯಿಂದ ಒರೆಸಿ ನುಡಿಸಿಯೂ ತೋರಿಸಿದ. ಶ್ರುತಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಇದು ಕಟಿಗಿ ಅಲ್ಲಾ?" ಪ್ರತಿಮಾ ಕೇಳಿದಳು.

"ಅಲ್ರೀ, ಫೈಬರ್."

ಅನಿಕೇತ ಎರಡು ಸಲ ಉಸಿರೆಳೆದುಕೊಂಡ, ಅಷ್ಟೇ. "ಅದs ಮೇಡಂ ನನ್ನ ಹೊಸಾ ಶೋಧ! ಒಂದು ಗಿಡಾನೂ ಕಡೀಲಾರದ ಗಿಟಾರು. ಮರಕ್ಕ ಆತ್ಮ ಇರತೈತಲ್ರಿ, ಅದನ್ನ ಕೊಲ್ಲಬಾರದು ನೋಡ್ರಿ!"

ತೊಲೆಯ ಕಥೆ ಕೊಳದಲ್ಲೇ ಮುಳುಗಿತು, ಯಾರೂ ಕೈ ಕೊಟ್ಟು ಎತ್ತಲಿಲ್ಲ. ಪ್ರತಿಮಾಗೆ ಹೊಸ ಕಥೆ ಇನ್ನೂ ಹಿಡಿಸಿತು. ಉಳಿದ ಮೂವತ್ತೊಂಬತ್ತೂ ಇಂಥವೇ ಇರಲಿ, ಬೀಟೆ ಕಾಗದ ಬೇಡ, ಈ ಕೊಳದ ನೀರಿನ ಹಾಗೆ ನೀಲಿ ಇರಲಿ ಅಂದಳು. "ಮಾಡಿದವ್ರು ಯಾರ್ರಿ?"

"ನಾನs," ಅಂದ ಅನಿಕೇತ.

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎದುರಂಗಡಿಯವನ ಸಂಗಡ ಯಾಕೆ ನಿಷ್ಠುರ ಎಂದುಕೊಂಡೆ. ನಿಂಗಣ್ಣ ಒದ್ದೆ ಅಂಗಿಯಲ್ಲಿ ಮುಂದೆ ಮುಂದೆ ನಡೆದುಹೋದ, ಅವನ ಬೆನ್ನು ನೋಡಲು ನನಗೆ ಸಂಕಟವಾಯಿತು.

ತಿಂಗಳ ಮೇಲೆ ಮೂವತ್ತೊಂಬತ್ತೂ ಬಂದವು. ಒಂದೊಂದರ ಬೆನ್ನ ಮೇಲೂ ಅಂಗೈಯಗಲ ಉಬ್ಬಕ್ಷರ: ನಿಂಗಣ್ಣ, ಸಿಂದಗಿ. ಅಚ್ಚಿನಲ್ಲೇ ತಿರುಗುಮುರುಗಾಗಿ ಕೆತ್ತಿಬಿಟ್ಟಿದ್ದ. ಎಷ್ಟು ಗಿಟಾರು ತೆಗೆದರೂ ಹೆಸರು ಜೊತೆಗೇ ಏಳುತ್ತಿತ್ತು.

"ತಿಕ್ಕಿ ತೆಗಿ ಇದನ್ನ!" ಅನಿಕೇತ ಒದರಿದ.

"ಮಾಡಿದವ್ರು ನೀವs ಅಂದ್ರಲ್ರಿ," ಅಂದ ನಿಂಗಣ್ಣ. "ನೀವs ತಿಕ್ಕ್ರಿ."

ಅನಿಕೇತ ತಿಕ್ಕಿದ. ಚಡ್ಡಿ ಹಾಕಿಕೊಂಡು, ಬರಿಮೈಯಲ್ಲಿ, ಉಜ್ಜುವ ಮಶೀನು ಹಿಡಿದು ಎರಡು ಗಿಟಾರಿನ ಹೆಸರು ತೆಗೆದ. ಫೈಬರ್ ಕೆಲಸದವರು ಎಂಥ ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕಿ, ಕುತ್ತಿಗೆಗೆ ಬಟ್ಟೆ ಸುತ್ತಿ ಕೂರುತ್ತಾರೆ. ಉಜ್ಜುವಾಗ ಹಾರುವ ಪುಡಿ ಚರ್ಮಕ್ಕೆ ಹೊಕ್ಕರೆ ಮೂರು ದಿನ ತುರಿಕೆ, ತೊಳೆದರೂ ಹೋಗದು. ಶೆಡ್ಡಿಗೆ ನಿನ್ನೆ ಸೇರಿದವನಿಗೂ ಗೊತ್ತಿರುವ ಮಾತು ಇದು.

ಮರುದಿನ ಪ್ರತಿಮಾ ಮಾಲು ನೋಡಲು ಬಂದಳು. ನಿಂಗಣ್ಣ ನನ್ನ ಅಂಗಡಿಯ ಜಗಲಿಯಲ್ಲೇ ಗಿಟಾರುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ. ಅನಿಕೇತ ಕುತ್ತಿಗೆ, ತೋಳು, ಹೊಟ್ಟೆ ಪರಪರ ಕೆರೆದುಕೊಳ್ಳುತ್ತ ರಸ್ತೆ ದಾಟಿ ಓಡಿಬಂದ. ಅವಳ ಮುಂದೆಯೇ, ಅಳುವುದೊಂದು ಬಾಕಿ, ಕೇಳಿದ:

"ಕಾಕಾ, ಈ ಫೈಬರ್ ಪುಡಿಗೆ ಏನು ಹಚ್ಚಬೇಕ್ರಿ?"

ಈ ಸಲ ನಾನು ಕ್ಯಾಲೆಂಡರ್ ನೋಡಲಿಲ್ಲ. ನಿಂಗಣ್ಣನ ಕಡೆ ಬೆರಳು ಮಾಡಿ, ಪ್ರತಿಮಾಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ:

"ನನಗೇನು ಗೊತ್ತಪಾ? ಅಕಾ ನೋಡು, ಮಾಡಿದವ ಅಲ್ಲಿ ಕುಂತಾನ, ಅವನ್ನ ಕೇಳು."