ಬಿಸಿಲೋ, ಕರೆಂಟೋ

ದಿನಾ ಅರ್ಧ ಗಂಟೆ ಬೆಚ್ಚಗಿನ ನೀರಿನಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಹಿತ್ತಿಲಿನ ಈಜುಕೊಳವನ್ನು ಕಾಯಿಸುವುದು ಹೇಗೆ ಎಂಬ ಜಗಳ ಆ ಮನೆಯಲ್ಲಿ ಶುರುವಾಯಿತು. ಭಾವನ ಮಂಡಿಗೆ ಆಪರೇಷನ್ ಆಗಿ ಆಗಲೇ ನಾಲ್ಕು ತಿಂಗಳು. ಕೊಳವೇನೋ ಇತ್ತು, ಮಕ್ಕಳು ಚಿಕ್ಕವರಿದ್ದಾಗ ಕಟ್ಟಿಸಿದ್ದು, ಹದಿನೈದು ಹೆಜ್ಜೆ ಉದ್ದ, ಎದೆಮಟ್ಟ ಆಳ. ನೀರು ಮಾತ್ರ ಮೂಳೆ ಕೊರೆಯುವಷ್ಟು ತಣ್ಣಗೆ.

ಭಾವನಿಗೆ ಕರೆಂಟಿನ ಹೀಟರೇ ಬೇಕು. ಬೆಳಿಗ್ಗೆ ಎದ್ದ ಕೂಡಲೇ ನೀರಿಗಿಳಿಯಬೇಕು, ಸೂರ್ಯ ಯಾವಾಗ ದಯಮಾಡಿಸುತ್ತಾನೋ ಎಂದು ಟವೆಲ್ ಹೊದ್ದು ಕಾಯುವುದು ತನ್ನಿಂದಾಗದು ಎಂಬುದು ಅವರ ವಾದ. ಅಕ್ಕನಿಗೆ ಸೋಲಾರೇ ಆಗಬೇಕು. ಛಾವಣಿಯ ಮೇಲೆ ಕಪ್ಪು ಹಾಳೆಗಳನ್ನು ಹಾಸಿ, ಕೊಳದ ನೀರನ್ನು ಅವುಗಳೊಳಗೆ ಹರಿಸಿ ಇಳಿಸಿದರೆ ಬಿಸಿಲೇ ಕಾಯಿಸಿಕೊಡುತ್ತದೆ ಎಂದು ಅವಳು ಯಾರಿಂದಲೋ ಕೇಳಿದ್ದಳು. ನೀರಿಗೂ ಕರೆಂಟಿಗೂ ನಂಟು ಹಾಕುವುದೆಂದರೆ ಅವಳಿಗೆ ಎದೆ ಡವಡವ.

ತೀರ್ಪು ಹೇಳಬೇಕಾದವನು ಅಕ್ಕನ ತಮ್ಮ. ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಕೆಲಸದಲ್ಲಿ ಪಳಗಿದವನು. ಭಾವ ಮದುವೆಯಾದ ಹೊಸದರಲ್ಲಿ ಅವನನ್ನು ತಮಾಷೆಗೆ ಫ್ಯೂಸು ಎಂದು ಕರೆದಿದ್ದರು, ಅದೇ ಹೆಸರಾಗಿ ನಿಂತುಬಿಟ್ಟಿತ್ತು. ಆ ಮನೆಯ ಒಂದೊಂದು ಸ್ವಿಚ್ಚೂ ಅವನ ಕೈಯದೇ. ಅಕ್ಕನ ಭಯ ಅವನಿಗೆ ತನ್ನ ಕಸುಬಿನ ಮೇಲೇ ಅನುಮಾನ ಪಟ್ಟ ಹಾಗೆ ತೋರಿತು. ತಾನಿರುವಾಗ ಹೆದರಿಕೆ ಯಾಕೆ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದ. ಅವಳು ಮುಖ ತಿರುಗಿಸಿಕೊಂಡಳು. ಗಂಡ ಹೆಂಡತಿ ಎರಡು ದಿನ ಒಬ್ಬರೊಡನೊಬ್ಬರು ತೀರಾ ಬೇಕಾದಷ್ಟೇ ಮಾತಾಡಿದರು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಫ್ಯೂಸು ತನ್ನ ಅಂಗಡಿಯಲ್ಲಿದ್ದ ಹೀಟರೊಂದನ್ನು ತಂದು ಕೊಳದ ಪಕ್ಕದ ಮೋಟಾರು ಕೋಣೆಯಲ್ಲಿ ಕೂರಿಸುವುದು. ಒಂದು ವಾರ ನೋಡುವುದು. ಅದೇ ವಾರ ಸೋಲಾರ್ ಕಂಪನಿಯ ಹೆಂಗಸೊಬ್ಬಳು ಬಂದು ಛಾವಣಿ ಅಳೆಯುವುದು. ಆಮೇಲೆ ಅಳೆದು ತೂಗಿ ಒಂದನ್ನು ಆರಿಸುವುದು.

ಹೀಟರಿಗೆ ಅವನು ಯಾವ ಕೊರತೆಯನ್ನೂ ಮಾಡಲಿಲ್ಲ. ಹೊಸ ವೈರು, ಕರೆಂಟು ಸೋರಿದರೆ ತಾನೇ ಆರಿಕೊಳ್ಳುವ ಬೇರೆ ಟ್ರಿಪ್ ಸ್ವಿಚ್ಚು, ಗಟ್ಟಿ ಅರ್ತಿಂಗು. ಮೊದಲೆರಡು ಬೆಳಿಗ್ಗೆ ಭಾವ ನೀರಿನಲ್ಲಿ ರಾಜನ ಹಾಗೆ ಓಡಾಡಿದರು.

ಮೂರನೆಯ ದಿನ ಮೋಡ ಕವಿದಿತ್ತು. ಹಿಂದಿನ ಸಂಜೆ ಹೊಯ್ದ ಮಳೆಗೆ ಕಲ್ಲುಹಾಸೆಲ್ಲ ಒದ್ದೆ. ಏಳು ಗಂಟೆಗೆ ಸೋಲಾರಿನವಳು ಬಂದು ಟೇಪು ಹಿಡಿದು ಛಾವಣಿ ಹತ್ತಿದಳು. ಮೂವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಭಾವ ನೀರಿಗಿಳಿದರು. ಕೆಳಗಿನ ಮೆಟ್ಟಿಲು ಕಾಣದೆ ಗಂಡ ಎಡವಿಯಾರು ಎಂದು ಅಕ್ಕ ನೀರಿನೊಳಗಿನ ದೀಪ ಹಾಕಿದಳು. ಫ್ಯೂಸು ಮೋಟಾರು ಕೋಣೆಯಲ್ಲಿ ಹೀಟರಿನ ಮುಳ್ಳು ನೋಡುತ್ತಿದ್ದ.

ಹೊರಗೆ ಭಾವ ಅಕ್ಕನಿಗೆ ಏನೋ ಹೇಳುತ್ತಿದ್ದರು. ಸ್ಟೀಲ್ ಏಣಿಯ ಹತ್ತಿರ ಹೋದರೆ ಕಾಲೆಲ್ಲ ಜುಮ್ಮೆನ್ನುತ್ತಿದೆಯಂತೆ, ಆಪರೇಷನ್ನಿನ ನರ ಚಿಗುರುತ್ತಿರಬೇಕಂತೆ. ಅಕ್ಕ ನಕ್ಕಳು.

ಮಾತು ಫ್ಯೂಸುವಿನ ಕಿವಿಗೆ ಬಿತ್ತು. ನರವಲ್ಲ ಅದು. ಒಂದೇ ನೆಗೆತಕ್ಕೆ ಬಾಗಿಲಿಗೆ ಬಂದ.

"ಭಾವ, ಏಣಿ ಮುಟ್ಟಬೇಡಿ. ಹಿಂದಕ್ಕೆ ಸರೀರಿ, ಮಧ್ಯಕ್ಕೆ ಬಂದು ನಿಂತ್ಕೊಳ್ಳಿ. ಅಕ್ಕ, ನೀನು ನೀರಿಗೆ ಕೈ ಹಾಕಬೇಡ."

ದನಿ ಏರಿಸಿರಲಿಲ್ಲ. ಆದರೂ ಅಕ್ಕ ಕಲ್ಲಾದಳು, ಭಾವ ಮಧ್ಯಕ್ಕೆ ಸರಿದರು. ಅವನು ಒಳಗೆ ತಿರುಗಿ ಹೀಟರಿನ ಸ್ವಿಚ್ಚು ಎಳೆದು, ಈಗ ಹೇಗಿದೆ ಎಂದು ಕೇಳಿದ.

"ಇನ್ನೂ ಇದೆ ಕಣೋ," ಎಂದರು ಭಾವ. ಮುಖ ಬಿಳುಚಿಕೊಂಡಿತ್ತು. "ಮಂಡಿ ನಡುಗ್ತಿದೆ. ನಿಲ್ಲೋಕಾಗ್ತಿಲ್ಲ."

ಇನ್ನೂ ಇದೆ. ಹಾಗಾದರೆ ಹೀಟರಲ್ಲ. ನೀರಿನಡಿಯಲ್ಲಿ ತಣ್ಣಗೆ ಉರಿಯುತ್ತಿದ್ದ ದೀಪದ ಮೇಲೆ ಅವನ ಕಣ್ಣು ಬಿತ್ತು. ಅದರ ಸ್ವಿಚ್ಚನ್ನು ನಂಬುವ ಹಾಗಿರಲಿಲ್ಲ, ಮೇನನ್ನೇ ಇಳಿಸಬೇಕು.

ಮೇನ್ ಸ್ವಿಚ್ಚು ಮನೆಯೊಳಗೆ, ಮೆಟ್ಟಿಲಿನ ಕೆಳಗೆ. ಅವನು ಓಡಿದ. ಹಿಂದೆ ಅಕ್ಕ ಗಂಡನ ಕಡೆಗೆ ಕೈ ಚಾಚಿದ್ದು ಕಡೆಗಣ್ಣಿಗೆ ಕಂಡಿತು, ಹಿಂತಿರುಗಲು ಸಮಯವಿರಲಿಲ್ಲ. ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ದಡದಡ ಸದ್ದು, ಆಮೇಲೆ ಸೋಲಾರಿನವಳ ದನಿ, "ಬೇಡಮ್ಮ, ಬೇಡ, ನಾನು ಬಿಡಲ್ಲ." ಅಡುಗೆಮನೆ ದಾಟಿ, ಕಾರಿಡಾರ್ ದಾಟಿ, ಮೆಟ್ಟಿಲ ಕೆಳಗೆ ಬಂದರೆ ಬೋರ್ಡಿಗೆ ಅಡ್ಡವಾಗಿ ಚಪ್ಪಲಿಗಳ ಕಪಾಟು. ಭುಜ ಕೊಟ್ಟು ತಳ್ಳಿದ. ಕಪಾಟು ಮಗುಚಿತು. ಚಪ್ಪಲಿ ತುಳಿಯುತ್ತ ಕೈ ಹಾಕಿ ಮೇನ್ ಇಳಿಸಿದ.

ಫ್ರಿಜ್ಜಿನ ಸದ್ದು ನಿಂತಿತು. ಮನೆ ಗಪ್‌ಚಿಪ್ಪಾಯಿತು. ಹಿತ್ತಿಲಿನಿಂದಲೂ ಸದ್ದಿಲ್ಲ. ಅಲ್ಲಿಂದ ಬಾಗಿಲಿಗಿದ್ದ ಇಪ್ಪತ್ತು ಹೆಜ್ಜೆ ಅವನಿಗೆ ಒಂದು ಯುಗವಾಯಿತು.

ಭಾವ ನಿಂತಿದ್ದರು. ಮಂಡಿ ಬಾಗಿ ಗಲ್ಲದವರೆಗೂ ಮುಳುಗಿ, ಎರಡೂ ಕೈ ಅಗಲಿಸಿ, ನೀರನ್ನೇ ಊರುಗೋಲು ಮಾಡಿಕೊಂಡವರಂತೆ. ದಡದಲ್ಲಿ ಸೋಲಾರಿನವಳು ಅಕ್ಕನನ್ನು ಸೊಂಟಕ್ಕೆ ಕೈ ಹಾಕಿ ಬಿಗಿಯಾಗಿ ಹಿಡಿದಿದ್ದಳು. ಫ್ಯೂಸು ಬಟ್ಟೆ ಸಮೇತ ನೀರಿಗಿಳಿದು ಭಾವನನ್ನು ಹೊತ್ತ ಹಾಗೇ ದಡಕ್ಕೆ ತಂದ.

ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಟವೆಲ್ ಹೊದಿಸಿ, ಅಕ್ಕ ಆಮೇಲೆ ಬಾಯಿ ಬಿಟ್ಟಳು. ಆ ಹೀಟರನ್ನು ಈಗಿಂದೀಗಲೇ ಕಿತ್ತು ಬೀದಿಗೆ ಎಸೆಯಬೇಕು, ತಾನು ಮೊದಲೇ ಬಡಕೊಂಡಿರಲಿಲ್ಲವೇ ಎಂದಳು. ಭಾವನೂ ತಲೆಯಾಡಿಸಿದರು. ಹೀಟರೇ ಕಳ್ಳ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ.

ಫ್ಯೂಸು ಕೊಳದ ತುದಿಗೆ ಹೋಗಿ ಕಲ್ಲಿನ ಮುಚ್ಚಳ ಎತ್ತಿದ. ಅದರಡಿಯ ಪೆಟ್ಟಿಗೆಯಲ್ಲಿ ಮಳೆನೀರು ನಿಂತಿತ್ತು. ನೀರಿನಲ್ಲಿ ಮುಳುಗಿತ್ತು ದೀಪದ ವೈರಿನ ಗಂಟು, ಅದರ ಮೇಲೆ ಸುಲಿದುಹೋದ ಕಪ್ಪು ಟೇಪು. ಟೇಪು ಸುತ್ತಿದ್ದು ಅವನೇ. ಆರು ವರ್ಷದ ಹಿಂದೆ ಹಳೆಯ ದೀಪ ಕೆಟ್ಟಾಗ, ಸದ್ಯಕ್ಕೆ ಇರಲಿ ಎಂದು ಗೋಡೆಯಿಂದ ನೇರ ವೈರು ಎಳೆದು ಬೇರೆ ದೀಪ ಹಾಕಿದ್ದ. ಟ್ರಿಪ್ ಸ್ವಿಚ್ಚನ್ನು ಇನ್ನೊಂದು ದಿನ ಬಂದು ಹಾಕುತ್ತೇನೆ ಎಂದಿದ್ದ. ಆ ಇನ್ನೊಂದು ದಿನ ಬರಲೇ ಇಲ್ಲ.

ಸೋಲಾರಿನವಳು ಹಿಂದೆ ಬಂದು ನಿಂತಿದ್ದಳು. ಪೆಟ್ಟಿಗೆ ನೋಡಿದಳು, ಅವನ ಮುಖ ನೋಡಿದಳು. "ನಾನು ಮೇಲೆ ಹೋಗಿ ಅಳತೆ ಮುಗಿಸ್ತೀನಿ," ಎಂದಷ್ಟೇ ಹೇಳಿ ಹೊರಟಳು.

ಮುಚ್ಚಳ ಮುಚ್ಚಿಬಿಡಬಹುದಿತ್ತು. ಹೀಟರು ಕಿತ್ತುಕೊಂಡು ಹೋಗಿ, ನಾಳೆ ಸದ್ದಿಲ್ಲದೆ ಬಂದು ದೀಪ ಸರಿಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನಿಗೆ ಸೋಲಾರೂ ಸಿಗುತ್ತಿತ್ತು, ತಮ್ಮನ ಮಾನವೂ ಉಳಿಯುತ್ತಿತ್ತು. ಅವನು ಎಷ್ಟೋ ಹೊತ್ತು ಕುಕ್ಕುರುಗಾಲಿನಲ್ಲಿ ಕೂತೇ ಇದ್ದ. ಒದ್ದೆ ಅಂಗಿ ಬೆನ್ನಿಗೆ ಅಂಟಿಕೊಂಡು ಚಳಿ ಹಿಡಿಯಿತು. ಆಮೇಲೆ ಎದ್ದು ಬಂದು ಕುರ್ಚಿಯ ಮುಂದೆ ನಿಂತ.

"ಹೀಟರ್ ತಪ್ಪಲ್ಲ ಅಕ್ಕ. ಆ ದೀಪ. ಅದನ್ನ ಹಾಕಿದ್ದು ನಾನು. ಅರ್ಧಂಬರ್ಧ ಕೆಲಸ ಮಾಡಿ ಬಿಟ್ಟು ಹೋಗಿದ್ದೆ."

ಅಕ್ಕ ಅವನನ್ನೇ ನೋಡಿದಳು. "ಆರು ವರ್ಷ ನನ್ನ ಮಕ್ಕಳು ಅದರಲ್ಲಿ ಆಡಿದ್ರು," ಎಂದಳು. ಎದ್ದು ಒಳಗೆ ಹೋಗಿ, ಚೆಲ್ಲಾಪಿಲ್ಲಿಯಾದ ಚಪ್ಪಲಿಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು.

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈದವರು ಭಾವ, ಅದೂ ಮಾರನೆಯ ದಿನ, ಫೋನಿನಲ್ಲಿ. ಎಲ್ಲವನ್ನೂ ಕೇಳಿಸಿಕೊಂಡು, ಅವರು ಉಸಿರು ತೆಗೆದುಕೊಂಡಾಗ ಫ್ಯೂಸು ಹೇಳಬೇಕಾದ್ದನ್ನು ಹೇಳಿದ. ಸೋಲಾರ್ ಹಾಕಿಸಿದರೂ ನೀರನ್ನು ಛಾವಣಿಗೆ ಏರಿಸಲು ಮೋಟಾರು ಬೇಕು, ಮೋಟಾರಿಗೆ ಕರೆಂಟು ಬೇಕು. ಯಾವುದನ್ನೇ ಆರಿಸಿದರೂ ಮೊದಲು ಕೊಳದ ವೈರಿಂಗ್ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಬೇಕು. ತನ್ನ ಕೈಯಲ್ಲಿ ಬೇಡ, ಬೇರೆಯವರ ಕೈಯಲ್ಲಿ. ತನಗೆ ಕಸುಬು ಕಲಿಸಿದ ಮೇಸ್ತ್ರಿಯ ನಂಬರು ಕೊಟ್ಟ.

ಮೇಸ್ತ್ರಿ ಬಂದ ದಿನ ಫ್ಯೂಸುವೂ ಹೋಗಿದ್ದ. ಆ ಮುದುಕರು ಒಂದೊಂದೇ ಪೆಟ್ಟಿಗೆ ತೆರೆದು, ಅವನದೇ ಇನ್ನೆರಡು ತಪ್ಪು ಹುಡುಕಿ, ಅಕ್ಕನೆದುರಿಗೇ ತೋರಿಸಿದರು. ಅವನು ಕಟಿಂಗ್ ಪ್ಲೇಯರ್ ಎತ್ತಿಕೊಡುತ್ತ ನಿಂತಿದ್ದ.

ಸೋಲಾರನ್ನೇ ಹಾಕಿಸಿದರು. ಅದೇ ಬೇಕೆಂದದ್ದು ಅಕ್ಕನಲ್ಲ, ಭಾವ. ಬೆಳಿಗ್ಗೆಯ ನಡಿಗೆಯ ಹಟ ಅವರಿಗೆ ಬಿಟ್ಟುಹೋಗಿತ್ತು. ಈಗ ಮಧ್ಯಾಹ್ನ ಮೂರಕ್ಕೆ, ಬಿಸಿಲಿದ್ದ ದಿನ, ಅಕ್ಕ ದಡದಲ್ಲಿ ಕೂತಿದ್ದರೆ ಮಾತ್ರ ನೀರಿಗಿಳಿಯುತ್ತಾರೆ. ಮೋಡದ ದಿನ ನಡಿಗೆಗೆ ರಜೆ.

ತಿಂಗಳೊಪ್ಪತ್ತಿನ ಮೇಲೆ ಅಕ್ಕನೇ ಫೋನು ಮಾಡಿ, ಭಾನುವಾರ ಊಟಕ್ಕೆ ಬಾರೋ ಎಂದಳು. ಫ್ಯೂಸು ಹೋದ. ಎಂದಿನಂತೆ ಬಡಿಸಿದಳು, ಬೇಡವೆಂದರೂ ಇನ್ನೊಂದು ಸೌಟು ಹಾಕಿದಳು. ಕೈ ತೊಳೆಯಲು ಹೋದರೆ ಬಚ್ಚಲಿನ ದೀಪ ಹತ್ತಲಿಲ್ಲ. ಅಭ್ಯಾಸಬಲದಿಂದ ಅವನ ಕೈ ಹೋಲ್ಡರಿನತ್ತ ಹೋಯಿತು.

"ಬಿಡು," ಎಂದಳು ಅಕ್ಕ ಬಾಗಿಲಲ್ಲಿ ನಿಂತು, ಮೆತ್ತಗೆ. "ಮೇಸ್ತ್ರಿಗೆ ಹೇಳಿದೀನಿ, ನಾಳೆ ಬರ್ತಾರೆ."

ಅವನು ಕೈ ಇಳಿಸಿ, ಕತ್ತಲಲ್ಲೇ ನಲ್ಲಿ ತಿರುಗಿಸಿದ.