ಕಂಪನಿ ಕೊಟ್ಟ ಸೋಫಾ

ಬೋಳುತಲೆಯವರಿಗೆ ಶಾಂಪೂ ಮಾರಿದವನು ನಾನು. ಒಬ್ಬಿಬ್ಬರಿಗಲ್ಲ, ಇಡೀ ಊರಿನ ಬೋಳುತಲೆಗಳಿಗೆಲ್ಲ. ಮಾರಿದ ಮೂರನೇ ದಿನಕ್ಕೆ ಅವರೆಲ್ಲ ಕ್ರಾಪು ಮಾಡಿಸಿಕೊಳ್ಳಲು ನನ್ನ ಅಂಗಡಿ ಮುಂದೆ ಸಾಲು ನಿಂತರು. ಸಾಲಿನ ಬಾಲ ಪಕ್ಕದ ಊರಿಗೆ ಹೋಗಿ ಮುಟ್ಟಿತು. ಅಲ್ಲಿಯವರು ಏನೋ ಪುಕ್ಕಟೆ ಹಂಚುತ್ತಿದ್ದಾರೆಂದು ತಾವೂ ನಿಂತರು. ಕತ್ತರಿಸಿ ಕತ್ತರಿಸಿ ನನ್ನ ಕತ್ತರಿ ಸವೆದು ಉಗುರು ತೆಗೆಯುವ ಅಳತೆಗೆ ಇಳಿಯಿತು. ಅನುಮಾನವಿದ್ದರೆ ಅಂಗಡಿಗೆ ಬನ್ನಿ, ಕತ್ತರಿ ಅಲ್ಲೇ ಇದೆ.

"ಇವರ ಮಾತೂ ಕೂದಲೂ ಒಂದೇ, ಕತ್ತರಿಸಿದಷ್ಟೂ ಬೆಳೆಯುತ್ತೆ" ಎನ್ನುತ್ತಾಳೆ ನನ್ನ ಹೆಂಡತಿ. ಅವಳಿಗೆ ಹೊಟ್ಟೆಕಿಚ್ಚು.

ಶಾಂಪೂ ನನ್ನ ಕೈಗೆ ಬಂದದ್ದು ಹೀಗೆ. ಒಂದು ಬೆಳಿಗ್ಗೆ ಕೋಟು ತೊಟ್ಟವನೊಬ್ಬ ಗಡ್ಡ ತೆಗೆಸಲು ಕುರ್ಚಿಯಲ್ಲಿ ಕೂತ. ಕೆನ್ನೆಗೆ ಸೋಪು ಹಚ್ಚುವಷ್ಟರಲ್ಲಿ ನನ್ನ ಕೈಯ ಬೆಲೆ ನನಗೇ ಗೊತ್ತಿಲ್ಲವೆಂದು ಮರುಗಿದ. "ನೀವು ಶಾಂಪೂ ಮಾರಬೇಕಾಗಿಲ್ಲ ಸಾರ್. ಶಾಂಪೂ ಮಾರೋರನ್ನ ಸೇರಿಸಿದ್ರೆ ಸಾಕು. ಅವರೂ ಮಾರಬೇಕಾಗಿಲ್ಲ, ಅವರೂ ಸೇರಿಸಿದ್ರೆ ಸಾಕು. ನೀವು ಮನೇಲಿ ಕಾಲು ಚಾಚಿಕೊಂಡು ಕೂತಿರಿ."

ನಾನೇನು ಕಿವಿಗೆ ಹೂ ಇಟ್ಟುಕೊಂಡು ಕೂತವನಲ್ಲ. "ಇದು ಆ ಪಿರಮಿಡ್ ಸ್ಕೀಮು ಅಂತಾರಲ್ಲ, ಅದಲ್ವಾ?" ಎಂದೆ.

"ಛೆ ಛೆ. ಅದು ಮೋಸ. ಅದರಲ್ಲಿ ಸರಕೇ ಇರಲ್ಲ. ನಮ್ಮದು ನೆಟ್‌ವರ್ಕ್ ಮಾರ್ಕೆಟಿಂಗು. ಇಗೋ ಸರಕು" ಎಂದು ಚೀಲದಿಂದ ಹಸಿರು ಬಾಟಲಿ ತೆಗೆದು ಕನ್ನಡಿ ಮುಂದೆ ಇಟ್ಟ.

ಬಾಟಲಿ ಕಣ್ಣೆದುರಿಗೇ ಇತ್ತು. ಅದರ ಬಿಂಬವೂ ಕನ್ನಡಿಯಲ್ಲಿತ್ತು, ಹಾಗಾಗಿ ಎರಡು ಕಾಣಿಸಿತು. ಇನ್ನೇನು ಸಾಕ್ಷಿ ಬೇಕು? ಅವತ್ತು ಯಾರು ಯಾರ ತಲೆ ಬೋಳಿಸಿದರು ಎನ್ನುವುದು ಆಮೇಲಿನ ಮಾತು. ಸೇರಬೇಕಾದರೆ ಮೊದಲು ಒಂದಿಷ್ಟು ಡಬ್ಬ ಸರಕು ಕೊಳ್ಳಬೇಕಿತ್ತು. ಕೊಂಡೆ. ಲಾರಿಯಲ್ಲಿ ಬಂತು. ಆ ಲಾರಿ ಬೀದಿಯೊಳಗೆ ತಿರುಗಲಾರದೆ ಎರಡು ಮನೆಗಳ ಗೋಡೆ ಸರಿಸಬೇಕಾಯಿತು, ಅಷ್ಟು ದೊಡ್ಡದು.

ಆಮೇಲೆ ನನ್ನ ಮುಖದಲ್ಲಿ ಎಂಥ ತೇಜಸ್ಸು ಬಂತೆಂದರೆ ನೆಂಟರಿಗೆ ನನ್ನನ್ನು ನೇರವಾಗಿ ನೋಡಲಾಗುತ್ತಿರಲಿಲ್ಲ. ನಾನು ಬೀದಿಯ ಈ ತುದಿಗೆ ಬಂದರೆ ಅವರು ಆ ತುದಿಯಿಂದ ತಿರುಗಿ ಹೋಗುತ್ತಿದ್ದರು. ಗಿರಾಕಿಗಳು ಅರ್ಧ ಗಡ್ಡ ಬಿಟ್ಟು ಎದ್ದು ಓಡುತ್ತಿದ್ದರು. ಕಂಪನಿಯಲ್ಲಿ ಮಾತ್ರ ನಾನು ತಾಮ್ರದ ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಕೆಳಗೆ ಇನ್ನೊಬ್ಬರು ಸೇರಿದರೆ ಬೆಳ್ಳಿ.

ಆ ಇನ್ನೊಬ್ಬರಾಗಿ ಬಂದವಳು ನನ್ನ ತಂಗಿ.

ತಂಗಿ ದರ್ಜಿ. ಎರಡು ಬೀದಿ ಆಚೆ, ಕಿಟಕಿ ಪಕ್ಕದಲ್ಲಿ ಒಂದು ಹೊಲಿಗೆ ಮೆಷಿನ್ನು. ಆ ಮೆಷಿನ್ ತಿರುಗಿದರೆ ಅವಳ ಮನೆಯ ಒಲೆ ಉರಿಯುತ್ತದೆ, ಮಕ್ಕಳು ಶಾಲೆಗೆ ಹೋಗುತ್ತವೆ. ಹೊಲಿದು ಹೊಲಿದು ಅವಳ ಹೆಗಲು ಹಿಡಿದುಕೊಂಡಿತ್ತು. "ನೀನು ಕಾಲು ಚಾಚಿ ಕೂತು ಸಂಪಾದಿಸ್ತೀಯಲ್ಲ ಅಣ್ಣ, ನಾನೂ ಕೂರ್ತೀನಿ. ಮೆಷಿನ್ ಮಾರಿ ನಿನ್ನ ಕಂಪನಿಗೆ ಹಾಕ್ತೀನಿ" ಎಂದಳು. ನನ್ನ ಎದೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಆದರೆ ಬೆಳ್ಳಿಯ ಹೊಳಪು ಕಣ್ಣಿಗೆ ಬಡಿಯುತ್ತಿತ್ತು. "ಬಾ, ನಮ್ಮ ಮನೆ ನೋಡು, ನೋಡಿದ ಮೇಲೆ ನೀನೇ ಹೇಳು" ಎಂದೆ.

ಭಾನುವಾರ ಮಧ್ಯಾಹ್ನ ಬಂದಳು. ಒಬ್ಬಳೇ ಅಲ್ಲ. ಹಳೇ ಮೆಷಿನ್ ಕೊಳ್ಳುವ ವ್ಯಾಪಾರಿಯನ್ನೂ ಕರೆತಂದಿದ್ದಳು. ಇಲ್ಲಿ ಮಾತು ಮುಗಿದರೆ ಹಾಗೇ ಅವಳ ಮನೆಗೆ ಹೋಗಿ ಮೆಷಿನ್ ಎತ್ತಿಕೊಳ್ಳುವುದು ಅವನ ಲೆಕ್ಕ. ಊರಲ್ಲಿ ಅವನಿಗೆ ಕ್ವಿಂಟಲಣ್ಣ ಎಂದೇ ಹೆಸರು. ತೂಕದ ವಿಷಯದಲ್ಲಿ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಊರೇ ಮಾಡಿದ್ದು.

ನಡುಮನೆಯಲ್ಲಿ ನನ್ನ ಸೋಫಾ ಮಿಂಚುತ್ತಿತ್ತು. ಹೂವಿನ ಹೊದಿಕೆ, ಗೋಡೆಯಿಂದ ಗೋಡೆಗೆ ಉದ್ದ. ಅದರ ಮೇಲೆ ಯಾರನ್ನೂ ಕೂರಿಸಬೇಡಿ ಎಂದು ಹೆಂಡತಿ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು. ಹಾಗಾಗಿ ಇಬ್ಬರಿಗೂ ಸ್ಟೂಲು ಹಾಕಿದೆ.

"ಅಣ್ಣ, ಒಂದು ಕೇಳ್ತೀನಿ" ಎಂದಳು ತಂಗಿ. "ಅಳತೆ ತಗೊಳ್ದೆ ನಾನು ಬಟ್ಟೆಗೆ ಕತ್ತರಿ ಹಾಕೋಳಲ್ಲ. ತೊಡೋರು ಯಾರು ಅಂತ ಮೊದಲು ಗೊತ್ತಾಗಬೇಕು. ಈ ಶಾಂಪೂಲಿ ತಲೆ ತೊಳ್ಕೊಳ್ಳೋರು ಯಾರು?"

"ನನ್ನ ಕೆಳಗೆ ಸೇರೋರು."

"ಅವರು ಮಾರೋಕೆ ಅಂತ ತಗೊಳ್ಳೋರು. ತೊಳ್ಕೊಳ್ಳೋರು?"

"ಅವರ ಕೆಳಗಿನೋರು."

"ಅವರೂ ಮಾರೋರೇ ತಾನೆ?"

"ಅವರ ಕೆಳಗೂ ಜನ ಬರ್ತಾರೆ ಕಣೇ."

"ಅವರು ಇನ್ನೂ ಹುಟ್ಟಬೇಕೇನೋ" ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ.

ಕ್ವಿಂಟಲಣ್ಣ ಗಲ್ಲ ಕೆರೆದುಕೊಂಡ. "ಅಂದ್ರೆ ಊರ ತುಂಬ ದರ್ಜಿಗಳೇ. ಅಂಗಿ ಹಾಕ್ಕೊಳ್ಳೋನು ಒಬ್ಬನೂ ಇಲ್ಲ."

"ಅದೇ ನಾನು ಕೇಳ್ತಿರೋದು" ಎಂದಳು ತಂಗಿ. "ಕಂಪನಿಗೆ ಸೇರದೆ, ಬರೀ ತಲೆ ತೊಳ್ಕೊಳ್ಳೋಕೆ ಅಂತ ತಗೊಂಡೋರು ಇದ್ರೆ ಅದು ವ್ಯಾಪಾರ. ನಾಳೆಯಿಂದ ಯಾರೂ ಸೇರದೇ ಹೋದ್ರೂ ನಡೆಯುತ್ತೆ. ಸೇರೋರ ದುಡ್ಡಲ್ಲೇ ಮೇಲಿನೋರು ತಿನ್ನೋದಾದ್ರೆ, ಕೊನೇಲಿ ಸೇರಿದೋರ ಗತಿ ಏನಣ್ಣ? ಆ ಕೊನೆಯೋಳು ನಾನಾಗಿದ್ರೆ?"

"ತಗೊಂಡೋರು ಸಾವಿರ ಜನ ಇದ್ದಾರೆ. ಬೇಡ, ಎರಡು ಸಾವಿರ. ನಂಬಿಕೆ ಇಲ್ವಾ? ಈ ಸೋಫಾ ನೋಡು. ನನ್ನ ವ್ಯಾಪಾರ ಮೆಚ್ಚಿ ಕಂಪನಿಯೇ ಕೊಟ್ಟದ್ದು. ಹಡಗಲ್ಲಿ ಬಂತು" ಎಂದೆ.

ಆ ಮಾತು ಆಡಬಾರದಿತ್ತು. ಅಲ್ಲಿಯವರೆಗೆ ಅವಳು ತಂಗಿಯಾಗಿ ಕೂತಿದ್ದಳು, ಈಗ ದರ್ಜಿಯಾಗಿ ಎದ್ದಳು. "ಇದೇನಣ್ಣ ಈ ಮೂಲೆ? ಹೊಲಿಗೆಯೇ ಇಲ್ಲ. ಬರೀ ಚಾದರ ಮಡಚಿ ತುರುಕಿದ ಹಾಗಿದೆ" ಎನ್ನುತ್ತ ಮೂಲೆಗೆ ಕೈ ಹಾಕಿದಳು. ಹೊಲಿಗೆ ಇಲ್ಲದ ಅಂಚು ಕಂಡರೆ ಅವಳ ಬೆರಳು ಸುಮ್ಮನಿರುವುದಿಲ್ಲ.

ನನಗೆ ಬೇರೆ ದಾರಿ ಕಾಣಲಿಲ್ಲ. ಕ್ವಿಂಟಲಣ್ಣನ ರಟ್ಟೆ ಹಿಡಿದು ಎಬ್ಬಿಸಿ, "ನೀವು ಯಾಕೆ ಸ್ಟೂಲಲ್ಲಿ? ಇಲ್ಲಿ ಕೂತ್ಕೊಳ್ಳಿ" ಎಂದು ಸರಿಯಾಗಿ ಆ ಮೂಲೆಯ ಮೇಲೆಯೇ ಕೂರಿಸಿದೆ.

ಕೂತ. ಕೂತವನು ಇಳಿದ. ಇಳಿಯುತ್ತಲೇ ಹೋದ. ಒಳಗೆ ಪಟ ಪಟ ಎಂದು ಮುಚ್ಚಳಗಳು ಹಾರಿದವು. ಹೂವಿನ ಹೊದಿಕೆಯ ಕೆಳಗಿನಿಂದ ಹಸಿರು ಹರಿಯಿತು. ಹೆಂಡತಿ ಗಾಬರಿಯಲ್ಲಿ ಬಕೆಟ್ಟು ನೀರು ತಂದು ಸುರಿದಳು, ಅದಕ್ಕೆ ನೊರೆ ಎದ್ದಿತು. ಎದ್ದ ನೊರೆ ಸೂರು ಮುಟ್ಟಿ, ಹಂಚು ಎತ್ತಿ, ಮೋಡದೊಂದಿಗೆ ಸೇರಿಕೊಂಡಿತು.

ಸರಿ, ಪಾದ ಮುಚ್ಚುವಷ್ಟು ಎದ್ದಿತು.

ಚಾದರ ಜಾರಿತ್ತು. ಸಾಲಾಗಿ ಜೋಡಿಸಿದ ಶಾಂಪೂ ಡಬ್ಬಗಳು, ಬಂದ ದಿನದ ಅಂಟುಪಟ್ಟಿಯೊಂದಿಗೆ ಹಾಗೇ ಕೂತಿದ್ದವು. ತಂಗಿ ಅವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಅಳತೆ ತೆಗೆಯುವವಳ ಹಾಗೆ ಮೆಲ್ಲಗೆ ಕೇಳಿದಳು. "ಒಂದಾದ್ರೂ ಮಾರಿದ್ಯಾ ಅಣ್ಣ?"

ಕ್ವಿಂಟಲಣ್ಣ ನೊರೆಯೊಳಗಿನಿಂದ, "ಮೊದಲು ನನ್ನ ಕೈ ಹಿಡೀರಪ್ಪ. ಮೆಷಿನ್ ವಿಷಯ ಆಮೇಲೆ" ಎಂದ.

"ಮೆಷಿನ್ ವಿಷಯ ಇಲ್ಲ" ಎಂದೆ ನಾನು. ಆ ದಿನ ಅಳತೆ ಸರಿಯಾಗಿ ಆಡಿದ ಮೊದಲ ಮಾತು ಅದು. "ಮಾರಬೇಡ ಕಣೇ. ನಾನು ಸಿಕ್ಕಿಹಾಕ್ಕೊಂಡಿದ್ದೀನಿ, ನಿನ್ನನ್ನ ಕೆಳಗೆ ತಳ್ಳಿ ಮೇಲೆ ಹತ್ತೋಣ ಅಂತಿದ್ದೆ."

"ಅದು ಗೊತ್ತಾಯ್ತು. ನಾನು ಕೇಳಿದ್ದು ಬೇರೆ."

ಇನ್ನು ಮುಚ್ಚಿಡಲು ಚಾದರವೂ ಇರಲಿಲ್ಲ. ಹೇಳಿಬಿಟ್ಟೆ. ನಿಮಗೂ ಹೇಳುತ್ತೇನೆ, ಕತ್ತರಿ ನೋಡಲು ಬರುವ ತೊಂದರೆ ತಗೊಳ್ಳಬೇಡಿ. ಮಾರಿದ್ದು ಒಂದೇ ಒಂದು ಬಾಟಲಿ. ಕೊಂಡವನು ಬೋಳುತಲೆಯವನೇ, ಅಷ್ಟು ಸತ್ಯ. ಅವನು ಕಂಪನಿಗೆ ಸೇರಲಿಲ್ಲ, ಬೇರೆಯವರಿಗೆ ಮಾರಲಿಲ್ಲ, ತನ್ನ ಕೆಲಸಕ್ಕೇ ಬಳಸಿದ. ಸ್ಕೂಟರು ತೊಳೆದ. ಬಣ್ಣ ಹೋಯಿತೆಂದು ಮಾರನೇ ದಿನ ಉಳಿದರ್ಧ ಬಾಟಲಿ ತಂದು ಕನ್ನಡಿ ಮುಂದೆ ಇಟ್ಟ. ನಾನು ದುಡ್ಡು ವಾಪಸು ಕೊಟ್ಟು, ಅವನ ಗಡ್ಡವನ್ನೂ ಪುಕ್ಕಟೆ ತೆಗೆದೆ.